ತಿಕೋಟಾದಲ್ಲಿ ತುಂಬಿದ ಉಡಿ

ಒಂದು ಟಿ.ವಿ. ಧಾರಾವಾಹಿಯ ಜಗಳದಿಂದ ಒಬ್ಬಳ ಮುಖ ಸುಟ್ಟುಹೋಗುವುದಿತ್ತು ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯವರೇ ಮೊದಲು ನಂಬಲಿಲ್ಲ. ಜಲನಗರ ಬಡಾವಣೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವಾಗ, ಟ್ಯೂಶನ್ ಮಕ್ಕಳಿಗೆ ಲೆಕ್ಕ ಹೇಳಿಕೊಡುವಾಗ, ನನಗೆ ತಿಕೋಟಾದ ಒಂದು ಅಂಗಡಿಯ ಷಟರ್ ಇಳಿದ ಸದ್ದು ಕೇಳುತ್ತದೆ. ಎದುರು ಮನೆಯವರು ಗೇಟು ಎಳೆದರೂ ಸಾಕು, ಮಾತು ನಿಂತುಹೋಗುತ್ತದೆ. ಮಕ್ಕಳು ಪೆನ್ಸಿಲ್ ಹಿಡಿದು ನನ್ನ ಮುಖ ನೋಡುತ್ತಾರೆ.

ಪ್ರತಿ ಸಂಜೆ ಬರುವ ಆ ಧಾರಾವಾಹಿಗೆ ನಮ್ಮ ಜಿಲ್ಲೆಯಲ್ಲಿ ಅಭಿಮಾನಿಗಳು ಬಹಳ. ಫೋನಿನಲ್ಲಿ ನಮ್ಮದೊಂದು ಗ್ರೂಪ್ ಇತ್ತು, ಹೆಂಗಸರದ್ದೇ. ಸ್ಟೇಷನ್ ರಸ್ತೆಯ ಬಳೆ ಅಂಗಡಿಯವರು, ಇಬ್ರಾಹಿಂಪುರದಲ್ಲಿ ಹಪ್ಪಳ ಮಾಡಿ ಮಾರುವವರು, ದವಾಖಾನೆಯ ನರ್ಸುಗಳು, ನನ್ನಂತೆ ಡಿಗ್ರಿ ಮುಗಿಸಿ ಮನೆಯಲ್ಲಿರುವವರು. ಕಥೆಯಲ್ಲಿ ನಾಯಕಿಗೆ ಗಂಡ ನೆಂಟರೆದುರು ಕೆನ್ನೆಗೆ ಹೊಡೆದ. ಅವಳು ತವರಿಗೆ ಬಂದಳು. ಮುಂದೆ ಒಂದು ಸಂಚಿಕೆಯ ಕೊನೆಗೆ ತಾಯಿ ಅವಳ ಉಡಿ ತುಂಬಿದಳು, ಅವಳು ಚೀಲ ಹಿಡಿದು ಹೊರಬಿದ್ದಳು. ಎಲ್ಲಿಗೆ ಹೋದಳು ಎಂದು ತೋರಿಸಲಿಲ್ಲ. ಮರುದಿನದಿಂದ ಕಥೆ ಮೈದುನನ ಮದುವೆಯ ಕಡೆ ತಿರುಗಿತು. ವಾರಗಟ್ಟಲೆ ನಾಯಕಿಯ ಸುಳಿವಿಲ್ಲ. ಜಗಳಕ್ಕೆ ಅಷ್ಟು ಸಾಕಾಯಿತು.

ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಸೆರಗಿನಲ್ಲಿ ಅಕ್ಕಿ, ರವಿಕೆಯ ಖಣ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು ಹಾಕಿ ಉಡಿ ತುಂಬುತ್ತಾರೆ. ಮನೆಗೆ ಬಂದ ಮುತ್ತೈದೆಗೆ ಪ್ರೀತಿಯಿಂದ ತುಂಬುವುದೂ ಉಂಟು. ತವರಿನಲ್ಲಿ ತುಂಬಿಸಿಕೊಂಡವಳು ಹೊಸ್ತಿಲು ದಾಟುವ ಮೊದಲು ಒಂದಿಷ್ಟು ಅಕ್ಕಿಯನ್ನು ಅಲ್ಲೇ ತಿರುಗಿ ಬಿಡುತ್ತಾಳೆ, ತವರು ತುಂಬಿರಲಿ, ತಾನು ಮತ್ತೆ ಬರುವಂತಾಗಲಿ ಎಂದು. ಧಾರಾವಾಹಿಯ ನಾಯಕಿ ಹಾಗೆ ಬಿಡಲಿಲ್ಲ.

ಅದನ್ನು ಮೊದಲು ಗುರುತಿಸಿದವಳು ತಿಕೋಟಾದಲ್ಲಿ ಜಂಪರ್, ಅಂದರೆ ರವಿಕೆ, ಹೊಲಿಯುವ ಒಬ್ಬಳು. ಸಣ್ಣ ವಯಸ್ಸು, ಚುರುಕು ಮಾತು. ಬರೆಯಲು ಪುರುಸೊತ್ತಿಲ್ಲದೆ ಎಲ್ಲವನ್ನೂ ಧ್ವನಿಯಲ್ಲೇ ಕಳಿಸುತ್ತಿದ್ದಳು. ತುಸು ಒಡಕು ದನಿ. ಒಮ್ಮೆ ಕೇಳಿದರೆ ಮರೆಯುವಂಥದ್ದಲ್ಲ.

"ಒಂದ್ ಕಾಳ ಅಕ್ಕಿನೂ ತಿರುಗಿ ಬಿಟ್ಟಿಲ್ಲ ಅಕಿ. ನೀವ್ ಯಾರೂ ನೋಡಿಲ್ಲೇನ್ರಿ? ಅಂದ್ರ ತವರಿಗೂ ಬರೂದಿಲ್ಲ, ಗಂಡನ ಮನಿಗೂ ಹೋಗೂದಿಲ್ಲ. ತನ್ನ ಹಾದಿ ತಾ ಹಿಡದಾಳ."

ಇದನ್ನು ಒಪ್ಪದವರು ಬಬಲೇಶ್ವರದ ಒಬ್ಬ ಹಿರಿಯ ಹೆಂಗಸು. ಅವರ ಮನೆಯವರದು ಅಲ್ಲೊಂದು ಕಿರಾಣಿ ಅಂಗಡಿ. ಗ್ರೂಪಿನಲ್ಲಿ ಎಲ್ಲರೂ ಅವರನ್ನು ದೊಡ್ಡವ್ವ ಎನ್ನುತ್ತಿದ್ದೆವು.

"ಉಡಿ ತುಂಬಿ ಯಾರರೇ ಮಗಳನ್ನ ಹಾದಿಗಿ ಬಿಡ್ತಾರೇನ? ಗಂಡನ ಮನಿಗೇ ಹೋಗ್ಯಾಳ. ಇವತ್ತಿಲ್ಲ ನಾಳಿ ತೋರಸ್ತಾರ, ನೋಡಾಕಿ ನೀ."

ಬಳೆ ಅಂಗಡಿಯಾಕೆ ನಡುವೆ ಬಾಯಿ ಹಾಕಿದಳು. "ಇಬ್ರೂ ಸುಮ್ನಿರ್ರಿ. ಅದನ್ನ ತಗಿಯೋರು ಬೆಂಗಳೂರಾಗ ಕುಂತಾರ. ಅಕ್ಕಿ ಬಿಡೂದು ಅವರಿಗೇನ್ ಗೊತ್ತು?"

ಇದ್ದುದರಲ್ಲಿ ಬುದ್ಧಿಯ ಮಾತು ಅದೇ. ಯಾರಿಗೂ ಬೇಕಾಗಲಿಲ್ಲ. ದೊಡ್ಡವ್ವ ಪ್ರಾಯದಲ್ಲಿ ಏಟು ತಿಂದು ತವರಿಗೆ ಬಂದು, ಮತ್ತೆ ಗಂಡನ ಮನೆಗೆ ಹೋದವರು. ಒಮ್ಮೆ ನಾವೆಲ್ಲ ನಗರದಲ್ಲಿ ಕೂಡಿ ಊಟ ಮಾಡಿದಾಗ ಅದನ್ನು ನಗೆಯ ಸುದ್ದಿಯ ಹಾಗೆ ಹೇಳಿದ್ದರು. "ಕುಡದ ಬಂದಾನಂದ್ರ ಮೊದಲ ಕುಂದ್ರಸ್ತಿದ್ದೆ. ನೀರ ಕೊಟ್ಟು ಎಮ್ಮಿ ಸುದ್ದಿ ತಗೀತಿದ್ದೆ. ಎಮ್ಮಿ ಸುದ್ದಿ ಮುಗಿಯೂದ್ರಾಗ ಅವನ ಸಿಟ್ಟು ಮುಗೀತಿತ್ತು." ನಾವೆಲ್ಲ ನಕ್ಕಿದ್ದೆವು. ಹೊಲಿಗೆಯವಳು ಮಾತ್ರ ಊಟದ ತಾಟು ನೋಡುತ್ತ ಕೂತಿದ್ದಳು.

ಜಗಳ ದಿನದಿಂದ ದಿನಕ್ಕೆ ಕಹಿಯಾಯಿತು. ನಾಯಕಿಯ ಹೆಸರು ಹಿಂದೆ ಬಿತ್ತು, ಇವರಿಬ್ಬರೇ ಮುಂದೆ ಬಂದರು. ಒಂದು ಸಂಜೆ ಹೊಲಿಗೆಯವಳು ಹೇಳಿದಳು: "ದೊಡ್ಡವ್ವಾರ, ನಿಮಗ ಏಟ ತಿಂದು ರೂಢಿ ಆಗೇತಿ. ಎಲ್ಲಾರೂ ತಿನ್ನಲಿ ಅಂತೀರಿ."

"ಗಂಡನ್ನ ಬಿಟ್ಟು ಬಂದಾಕಿ ಹಂಗ ಮಾತಾಡ್ತಿ ನೋಡ ನೀ" ಎಂದು ದೊಡ್ಡವ್ವನ ಉತ್ತರ. ಅವರಿಗೆ ಏನೂ ಗೊತ್ತಿರಲಿಲ್ಲ. ಬಾಯಿಗೆ ಬಂದ ಚುಚ್ಚುಮಾತು ಅದು.

ಸ್ವಲ್ಪ ಹೊತ್ತಿಗೆ ಒಡಕು ದನಿ ಬಂತು. "ಹೌದ್ರಿ. ಬಿಟ್ಟೇ ಬಂದೇನಿ. ನಮ್ಮವ್ವ ಉಡಿ ತುಂಬಿ ಗಂಡನ ಮನಿಗೇ ಕಳಿಸಿದ್ಲು. ನಾ ಬಸ್ ಬದಲ ಮಾಡಿ ತಿಕೋಟಾಕ್ಕ ಇಳದೆ. ನಾನೂ ಒಂದ್ ಕಾಳ ಬಿಟ್ಟು ಬಂದಿಲ್ಲ. ಹೊಲದು ಉಣ್ಣಾಕತ್ತೇನಿ. ಏನೀಗ?"

ಗ್ರೂಪ್ ತಣ್ಣಗಾಯಿತು. ದೊಡ್ಡವ್ವ ಮಾತ್ರ ಅದೇ ಸಿಟ್ಟಿನಲ್ಲಿ ಆ ಧ್ವನಿಯನ್ನು ಇನ್ನೊಂದು ಗ್ರೂಪಿಗೆ ದಾಟಿಸಿದರು. ಅದು ನಾಯಕ ನಟನ ಅಭಿಮಾನಿಗಳದು, ನಮ್ಮದಕ್ಕಿಂತ ಬಹಳ ದೊಡ್ಡದು, ಗಂಡಸರೂ ಇರುವಂಥದ್ದು. ಮೇಲೆ ಒಂದು ಸಾಲು ಬರೆದಿದ್ದರು: ಗಂಡನ ಮನೆಗೆ ಹೋಗಬೇಡ ಅಂತ ನಮಗೆ ಬುದ್ಧಿ ಹೇಳುವಾಕೆ ಎಂಥಾಕೆ, ಕೇಳಿರಿ. ಅಲ್ಲಿಂದ ಆ ಧ್ವನಿ ಎಲ್ಲೆಲ್ಲಿಗೋ ಹೋಯಿತು. ಕೆಳಗೆ ಜನ ಬರೆದದ್ದನ್ನು ಇಲ್ಲಿ ಬರೆಯಲಾರೆ. ಹೊಲಿಗೆಯವಳು ಗ್ರೂಪ್ ಬಿಟ್ಟಳು, ಫೋನೂ ಎತ್ತಲಿಲ್ಲ.

ದೊಡ್ಡವ್ವನ ಸಿಟ್ಟು ಇಳಿದ ಮೇಲೆ ನನಗೆ ಫೋನು ಬಂತು. "ಯವ್ವಾ, ನನ್ನ ಕೈ ಕೆಟ್ಟ ಕೆಲಸ ಮಾಡ್ತು. ಅಕಿಗಿ ಉಡಿ ತುಂಬಿ, ತಪ್ಪಾತು ಅಂತ ಹೇಳಿ ಬರ್ತೇನಿ. ಒಬ್ಬಾಕಿನ ಹೋದ್ರ ಬಾಗಲಾ ಹಾಕ್ಕೊಂತಾಳ. ನೀ ಓದಿದಾಕಿ, ಸಂಗಾಟ ಬಾ."

ತಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಕೂಡಿದೆವು. ಅವರ ಚೀಲದಲ್ಲಿ ಅಕ್ಕಿ, ಹಸಿರು ಖಣ, ಕೊಬ್ಬರಿ ಬಟ್ಟಲು ಇದ್ದವು. ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಕಟ್ಟಡದ ಕೆಳಗೆ ಅವಳ ಬಾಡಿಗೆ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಮೇಜು, ಮೇಜಿನ ಮೇಲೆ ಬಿಸಿಯಾಗುತ್ತಿದ್ದ ಇಸ್ತ್ರಿ ಪೆಟ್ಟಿಗೆ. ನಮ್ಮನ್ನು ಕಂಡು ಅವಳು ಎದ್ದು ನಿಂತಳು, ಬಾ ಎನ್ನಲಿಲ್ಲ. ದೊಡ್ಡವ್ವ ಒಳಗೆ ಬಂದು ನೆಲದ ಮೇಲೇ ಕೂತರು.

"ಬೈಯೂದಿದ್ರ ಬೈ. ಆದ್ರ ಉಡಿ ತುಂಬಸ್ಕೋ."

"ನೀವ್ ನನಗ ಏನ್ ಮಾಡೀರಿ, ಗೊತ್ತದನೇನ್ರಿ?" ಎಂದಳು ಅವಳು. "ನಾ ಇಲ್ಲೆ ಅದೇನಿ ಅಂತ ಅವಗ ಗೊತ್ತಿರಲಿಲ್ಲ. ನಮ್ಮವ್ವನೂ ಬಾಯಿ ಬಿಟ್ಟಿಲ್ಲ. ಈ ಊರಾಗ ಗಂಡ ಸೊಲ್ಲಾಪುರದಾಗ ದುಡೀತಾನಂತ ಹೇಳೇನಿ."

ಆಗ ನಮಗೆ ಗೊತ್ತಾದದ್ದು. ಬಿಟ್ಟು ಬಂದ ಮೇಲೆ ಅವನು ಊರೂರು ಹುಡುಕಿದ್ದನಂತೆ. ಸಿಕ್ಕರೆ ಹೊಲಿಯುವ ಕೈಗಳೇ ಉಳಿಯುವುದಿಲ್ಲ ಎಂದು ಅವಳ ತಾಯಿಗೆ ಹೇಳಿ ಹೋಗಿದ್ದನಂತೆ. ದೊಡ್ಡವ್ವ ಚೀಲ ಬಿಚ್ಚಿದರು. ಕುಂಕುಮ ಹಚ್ಚಿದರು, ಸೆರಗು ಹಿಡಿಯಲು ಹೇಳಿದರು. ಬೇಡವೆನ್ನುವ ಬಲವೂ ಇಲ್ಲದವಳ ಹಾಗೆ ಅವಳು ಸೆರಗು ಒಡ್ಡಿದಳು.

ಅಕ್ಕಿ ಬೀಳುತ್ತಿದ್ದಾಗ ಬಾಗಿಲಿಗೆ ಒಬ್ಬ ಬಂದು ನಿಂತ. ಕೊರಳಿಗೆ ಟವೆಲ್, ಕೈಯಲ್ಲಿ ಫೋನು. ಯಾರೋ ಗಿರಾಕಿಯ ಗಂಡ ಎಂದುಕೊಂಡೆ. ಅವಳ ಮುಖ ನೋಡಿದ ಮೇಲೆ ತಿಳಿಯಿತು.

"ದನಿ ಕೇಳಿದ ಕೂಡ್ಲೆ ನೀನ ಅಂತ ಗೊತ್ತಾತು" ಎಂದ. ಆಮೇಲೆ ಅವಳ ಸೆರಗು ನೋಡಿದ. ಅವನ ಮುಖ ಸಡಿಲಾಯಿತು. "ಚಲೋ ಆತು. ಹಿರೇರು ಉಡಿ ತುಂಬ್ಯಾರ, ಕಳಸ್ಯಾರ. ನಡಿ ಮನಿಗಿ."

ಅವನು ನಾಟಕ ಮಾಡುತ್ತಿರಲಿಲ್ಲ. ನಮ್ಮ ಕಡೆಯ ಯಾವ ಗಂಡಸು ಕಂಡರೂ ಹಾಗೇ ತಿಳಿಯುತ್ತಿದ್ದ. ಬಿಟ್ಟುಹೋದ ಹೆಂಡತಿಯ ಉಡಿ ತುಂಬಿದೆ ಎಂದರೆ ಗಂಡನ ಮನೆಗೆ ಹೊರಟಳು ಎಂದೇ ಅರ್ಥ.

"ನಾ ಬರೂದಿಲ್ಲ" ಎಂದಳು.

ಅವನು ಒಳಗೆ ಬಂದು ಷಟರ್ ಎಳೆದ. ಹಗಲು ಹೊತ್ತು, ಹೊರಗೆ ಸಂತೆಯ ಗದ್ದಲ, ಒಳಗೆ ಟ್ಯೂಬ್‌ಲೈಟಿನ ಬೆಳಕು. ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡ. ವೈರು ಬಿಗಿಯಾಗಿ ಮೇಜಿನ ಅಂಚಿನಲ್ಲಿ ಮಿಡಿಯಿತು. "ಮಾರಿ ಮ್ಯಾಲ ಇಡ್ತೇನಿ. ಆಮ್ಯಾಲ ಯಾರ್ ಉಡಿ ತುಂಬ್ತಾರ ನೋಡೂಣು." ಅವಳು ಗೋಡೆಗೆ ಒರಗಿದ್ದಳು, ಉಡಿಯನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದಳು. ಬಿಟ್ಟರೆ ಅಕ್ಕಿ ಚೆಲ್ಲುತ್ತದೆ ಎಂದು ಆಗಲೂ ಅವಳ ಕೈಗೆ ಅನಿಸಿರಬೇಕು. ನಾನು ಸ್ವಿಚ್ ಬೋರ್ಡಿನ ಪಕ್ಕದಲ್ಲೇ ನಿಂತಿದ್ದೆ. ಸ್ವಿಚ್ ಆರಿಸಿದೆ. ಕಾದ ಪೆಟ್ಟಿಗೆ ಅದರಿಂದ ಆರುವುದಿಲ್ಲ ಎಂದು ಗೊತ್ತಿತ್ತು. ಬೇರೇನೂ ಹೊಳೆಯಲಿಲ್ಲ.

ಮಾತಾಡಿದವರು ದೊಡ್ಡವ್ವ. ನೆಲದಿಂದ ಏಳಲೂ ಇಲ್ಲ.

"ತಮ್ಮಾ, ಎಷ್ಟೊತ್ತಿಗಿ ಊರ ಬಿಟ್ಟಿ? ಮುಂಜಾನಿ ಏನರೇ ತಿಂದೀಯೇನ?"

ಅವನು ತಿರುಗಿ ನೋಡಿದ.

"ಕಣ್ಣ ನೋಡಿದ್ರ ರಾತ್ರಿ ಮಲಗಿಲ್ಲ ನೀ. ಕುಂದ್ರು. ಅಕಿ ಎಲ್ಲಿ ಹೋಗ್ತಾಳ, ಷಟರ್ ನೀನ ಹಾಕೀಯಲ್ಲ. ಹೊಲ ಐತೇನ? ತೊಗರಿ ಹಾಕೀರೋ ಕಬ್ಬೋ?"

"ತೊಗರಿ" ಎಂದ, ತನಗೇ ಗೊತ್ತಿಲ್ಲದ ಹಾಗೆ.

"ಈ ಸಲ ಹೆಂಗ ಹಿಡದೈತಿ? ನಮ್ಮ ಕಡೆ ಹೂವ ಉದರಾಕತ್ತಾವ. ಯವ್ವಾ, ನೀರ ಕೊಡ ಅವಗ. ಅದನ್ನ ಕೆಳಗಿಡೋ ತಮ್ಮಾ, ಕೈ ನೋಯ್ತತಿ."

ನಾನು ನೀರಿನ ಬಾಟಲಿ ಚಾಚಿದೆ. ಅವನು ಪೆಟ್ಟಿಗೆಯನ್ನು ಮೇಜಿನ ಮೇಲೆ, ಯಾರದೋ ಹೊಲಿದಿಟ್ಟ ಜಂಪರಿನ ಮೇಲೆ, ಇಟ್ಟ. ಬಟ್ಟೆ ಕಮರಿದ ವಾಸನೆ ಬಂತು. ಅಷ್ಟರಲ್ಲಿ ಪಕ್ಕದ ಚಹಾದಂಗಡಿಯವರು ಹಗಲಲ್ಲಿ ಷಟರ್ ಯಾಕೆ ಬಿತ್ತೆಂದು ಬಂದು ಮೇಲೆತ್ತಿದರು. ಬೆಳಕಿನ ಜೊತೆ ಜನವೂ ಒಳಗೆ ಬಂದಿತು.

ಅವನು ಅಳುತ್ತಿದ್ದ. ಅಳುತ್ತಲೇ ಜನಕ್ಕೆ ಉಡಿ ತೋರಿಸಿದ. "ನೋಡ್ರಿ, ತುಂಬಿ ಕಳಸಾಕತ್ತಾರ, ಈಕಿ ಬರವಲ್ಲಳು." ಜನ ಅವಳ ಸೆರಗು ನೋಡಿದರು. "ತುಂಬಿದ ಉಡಿ, ಹೋಗವ್ವ ಯವ್ವಾ" ಎಂದು ಒಬ್ಬ ಅಜ್ಜ ಮೆಲ್ಲಗೆ ಹೇಳಿದ. ಅಜ್ಜನ ದನಿಯಲ್ಲಿ ಕರುಣೆಯೇ ಇತ್ತು. ಅದಕ್ಕೇ ನನಗೆ ಇನ್ನೂ ಭಯವಾಯಿತು. ಕಟ್ಟಡದ ಯಜಮಾನರು ಬಂದು, ಎರಡೂ ಕಡೆಯವರು ಮುಂದಿನ ಸಂತೆಯ ದಿನ ಕೂತು ಮಾತಾಡಲಿ, ಅಲ್ಲಿಯವರೆಗೆ ಅವನು ಈ ಕಡೆ ಸುಳಿಯಬಾರದು ಎಂದರು.

ಠಾಣೆಗೆ ಹೋಗೋಣ ಎಂದೆ ನಾನು. "ಹೋಗೂಣ್ರಿ" ಎಂದಳು ಅವಳು. "ಆದ್ರ ಈ ಮಾಲೀಕರು ಅಂಗಡಿ ಬಿಡು ಅಂದ್ರ ಠಾಣೆಯವರು ನನಗ ಅಂಗಡಿ ಕೊಡ್ತಾರೇನ್ರಿ? ಇದು ಹೋದ್ರ ನಾ ಅವನ ಮನಿಗೇ ಹೋಗೂದು."

ಸಂತೆಯ ದಿನ ಯಜಮಾನರ ಪಡಸಾಲೆಯಲ್ಲಿ ಕೂಡಿದರು. ಅವನ ಊರಿನ ಹಿರಿಯರಿಬ್ಬರು ಬಂದಿದ್ದರು. ನನ್ನನ್ನು ಕೇಳಿದರು, ಕಂಡದ್ದನ್ನು ಹೇಳಿದೆ. ಇಸ್ತ್ರಿ ಪೆಟ್ಟಿಗೆಯ ಮಾತಿಗೆ "ಸಿಟ್ಟಿನ್ಯಾಗ ಹಿಡದಿರಬೇಕು" ಎಂದರು. ಆಮೇಲೆ ಅವನು ಫೋನು ತೆಗೆದು ದೊಡ್ಡವ್ವ ಬರೆದ ಸಾಲನ್ನು ಗಟ್ಟಿಯಾಗಿ ಓದಿದ.

"ನೀವ ಬರದೀರಲ್ಲ" ಎಂದರು ಒಬ್ಬ ಹಿರಿಯರು. "ಗಂಡನ ಮನಿಗಿ ಹೋಗಬೇಕಂತ ನಿಮ್ಮ ಮಾತು. ಉಡಿ ತುಂಬಿದವರೂ ನೀವ. ಮತ್ತೇನು ತಕರಾರು?"

ದೊಡ್ಡವ್ವ ಸೆರಗು ಸರಿಮಾಡಿಕೊಂಡರು. ಎದುರು ಗೋಡೆಗೆ ಒರಗಿ ನಿಂತ ಹೊಲಿಗೆಯವಳ ಕಡೆ ನೋಡಲಿಲ್ಲ.

"ಬರದೇನಿ. ಟೀವಿಯೊಳಗಿನ ಹುಡುಗಿಗಿ ಬರದೇನಿ, ಈಗೂ ಅದನ್ನ ಅಂತೇನಿ. ಅಕಿ ಗಂಡ ಕಾದ ಪೆಟಗಿ ಹಿಡದಿಲ್ಲ. ಉಡಿ ತುಂಬಿದಾಕಿ ನಾನು. ಯಾಕ ತುಂಬೇನಿ ಅನ್ನೂದು ನನ್ನ ಕೇಳ್ರಿ, ಅವನ್ನಲ್ಲ. ತಪ್ಪಾತು ಅನ್ನಾಕ ತುಂಬೇನಿ. ಕಳಸಾಕಲ್ಲ. ಕಳಿಸಬ್ಯಾಡ್ರಿ. ಇಂಥಾ ಸಿಟ್ಟಿನ ಮನ್ಯಾಗ ನಾ ಬಾಳೇನಿ, ನನಗ ಗೊತ್ತೈತಿ. ದಿನಾ ತೊಗರಿ ಸುದ್ದಿ ತಗಿಯಾಕ ಆಗೂದಿಲ್ಲ."

ಯಜಮಾನರು ಅವನ ಊರಿನವರಿಗೆ ಚಹಾ ತರಿಸಿದರು. ಚಹಾ ಮುಗಿದ ಮೇಲೆ, ಅಂಗಡಿ ಅವಳದೇ, ಇನ್ನೊಮ್ಮೆ ಅವನು ಈ ರಸ್ತೆಯಲ್ಲಿ ಕಂಡರೆ ಠಾಣೆಗೆ ತಾವೇ ಹೋಗುವುದಾಗಿ ಹೇಳಿದರು. ಅವತ್ತೇ ಹೋಗಿ ದೂರು ಬರೆದುಕೊಟ್ಟೆವು. ಬರೆದವಳು ನಾನು, ಸಹಿ ಅವಳದು.

ಧಾರಾವಾಹಿಯ ನಾಯಕಿ ಆಮೇಲೆ ಒಂದು ಸಂಜೆ ಗಂಡನ ಮನೆಯಲ್ಲಿ ದೀಪ ಹಚ್ಚುತ್ತ ಕಾಣಿಸಿದಳು. ಹೊಲಿಗೆಯವಳು ಗ್ರೂಪಿಗೆ ಮರಳಿದ್ದಳು. ಇಬ್ಬರೂ ಮತ್ತೆ ವಾದಕ್ಕಿಳಿದರು. ಅವಳು ಈಗ ಧ್ವನಿ ಕಳಿಸುವುದಿಲ್ಲ, ಬರೆಯುತ್ತಾಳೆ, ನಿಧಾನವಾಗಿ, ಅರ್ಧರ್ಧ ಸಾಲು. ದೊಡ್ಡವ್ವ ಉತ್ತರಕ್ಕೆ ಕಾಯುತ್ತಾರೆ.

ಆದರೆ ಷಟರಿನ ಸದ್ದಿನ ಜೊತೆ ನನಗೆ ಇನ್ನೊಂದು ಮಾತೂ ನೆನಪಾಗುತ್ತದೆ. ಆ ಸಂತೆಯ ದಿನ ಎಲ್ಲ ಮುಗಿದ ಮೇಲೆ ನಾನೂ ದೊಡ್ಡವ್ವನೂ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆವು. ಅವರ ಬಸ್ಸು ಬಬಲೇಶ್ವರಕ್ಕೆ, ನನ್ನದು ನಗರಕ್ಕೆ. ಅವರು ಕೇಳಿದರು:

"ಯವ್ವಾ, ಅಕಿ ಹೋಗೂದ ಬ್ಯಾಡ ಅಂದೆ. ಹಂಗಾರ ಅವಾಗ ಗಂಡನ ಮನಿಗಿ ನಾ ತಿರುಗಿ ಹೋದದ್ದು?"

ಬಬಲೇಶ್ವರದ ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು ಅವರಿಗೆ. ಬಸ್ಸು ಹೊರಡುವವರೆಗೂ ನಾನು ಕೆಳಗೆ ನಿಂತಿದ್ದೆ.