ವಾಡಿ ತನಕ ಓಡಿದ ಚಕ್ರ

ಮೊದಲ ಪಿಯುಸಿಯಲ್ಲಿ ನಾನು ಫಿಸಿಕ್ಸ್‌ನಲ್ಲಿ ಫೇಲಾದೆ. ಮರುಪರೀಕ್ಷೆಯಲ್ಲೂ ಹೋದರೆ ಓದು ಬಿಟ್ಟು ಹೊಲಿಗೆ ಮಷೀನಿನ ಮುಂದೆ ಕೂರಬೇಕು ಎಂದು ಅವ್ವ ಹೇಳಿದಳು. ಬೈದು ಹೇಳಿದ್ದಲ್ಲ, ರಾತ್ರಿಗೆ ಏನು ಪಲ್ಯ ಎಂದು ಕೇಳುವ ದನಿಯಲ್ಲೇ ಹೇಳಿದಳು. ಸೇಡಂನ ನಮ್ಮ ಓಣಿಯ ಬ್ಲೌಸುಗಳೆಲ್ಲ ಅವ್ವನ ಕೈಯಲ್ಲೇ ಆಗಬೇಕಿತ್ತು. ನನಗೆ ಹೊಲಿಗೆ ಎಂದರೆ ಮೈ ಉರಿಯುತ್ತಿತ್ತು. ಹಾಗಾಗಿ ಓದಿದೆ.

ನನ್ನ ತೊಂದರೆ ಇದ್ದದ್ದು ತಿರುಗುವ ಚಕ್ರದ ಲೆಕ್ಕಗಳಲ್ಲಿ. ಸೆಕೆಂಡಿಗೆ ಹತ್ತು ಸುತ್ತು ತಿರುಗುವ ಚಕ್ರ ಒಂದೇ ಸಮನೆ ವೇಗ ಕಳೆದುಕೊಂಡು ಹತ್ತು ಸೆಕೆಂಡಿನಲ್ಲಿ ನಿಂತರೆ, ಒಟ್ಟು ಎಷ್ಟು ಸುತ್ತು ತಿರುಗಿತು? ಉತ್ತರ ಐವತ್ತು. ನನ್ನದು ನೂರೈವತ್ತು. ಟ್ಯೂಷನ್ ಸರ್ ನನ್ನ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ನಿನ್ನ ಚಕ್ರ ನಿಂದ್ರೋದು ಬಿಟ್ಟು ಜೋರ್ ಹಿಡದದಲ್ಲ ತಂಗಿ. ಇಷ್ಟೊತ್ತಿಗೆ ಚಿತ್ತಾಪುರ ದಾಟಿ ವಾಡಿ ಮುಟ್ಟಿರಬೇಕು."

ಎಲ್ಲರೂ ನಕ್ಕರು. ವಾಡಿಯಿಂದ ಬರುತ್ತಿದ್ದ ಹುಡುಗಿ ಮಾತ್ರ ನಗಲಿಲ್ಲ.

ಹಾಳೆಯ ಮೇಲಿನ ಚಕ್ರವನ್ನು ನಂಬುವುದು ಬೇಡವೆಂದು ಅವ್ವನ ಮಷೀನಿನ ಚಕ್ರಕ್ಕೆ ಹಣೆಗೆ ಹಚ್ಚುವ ಒಂದು ಕೆಂಪು ಟಿಕಳಿ ಅಂಟಿಸಿದೆ. ಅವ್ವ ಜೋರಾಗಿ ತುಳಿದು ಕಾಲು ತೆಗೆಯಬೇಕು. ಚಕ್ರ ತಾನಾಗಿ ನಿಲ್ಲುವ ತನಕ ನಾನು ಟಿಕಳಿಯ ಸುತ್ತು ಎಣಿಸಬೇಕು. ಅವ್ವ ತುಳಿದಳು, ಕಾಲು ತೆಗೆದಳು, ತಕ್ಷಣ ಅಂಗೈಯಿಟ್ಟು ಚಕ್ರ ನಿಲ್ಲಿಸಿದಳು.

"ಕೈ ಇಡಬ್ಯಾಡವಾ."

"ಇಡಲ್ಲ."

ಮತ್ತೆ ಇಟ್ಟಳು. ಅದರ ಮುಂದಿನ ಸಲವೂ ಇಟ್ಟಳು.

"ನಾ ಎಲ್ಲಿ ಇಡ್ಲಿಕತ್ತೀನಿ? ಅದೇ ಹೋಗ್ತದ," ಎಂದಳು. ಕೈ ಇಡದಿದ್ದರೆ ಸೂಜಿ ಇನ್ನೂ ನಾಲ್ಕು ಹೊಲಿಗೆ ಓಡಿ ಬ್ಲೌಸಿನ ತೋಳಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ ಎಂಬುದು ಅವಳ ವಾದ. ಮಷೀನಿನಲ್ಲಿ ಆಗ ಬಟ್ಟೆಯೇ ಇರಲಿಲ್ಲ.

ಆಮೇಲೆ ಅವಳೇ ಕೇಳಿದಳು. "ನಿನ್ನ ಲೆಕ್ಕದಾಗ ಚಕ್ರ ಯಾರು ನಿಂದ್ರಸ್ತಾರ?"

"ಯಾರೂ ಇಲ್ಲ. ವೇಗ ಕಡಿಮಿ ಆಗ್ಲಿಕತ್ತದ ಅನ್ಲಿಕ್ಕೆ ಋಣ ಅಂತ ಒಂದು ಗೆರಿ ಹಾಕಬೇಕು." ಮೈನಸ್ ಚಿಹ್ನೆಗೆ ನಮ್ಮ ಕನ್ನಡ ಶಾಲೆಯಲ್ಲಿ ಋಣ ಎನ್ನುತ್ತಿದ್ದರು.

"ಹಾಕೀಯೇನು?"

ಹಾಳೆ ನೋಡಿದೆ. ಹಾಕಿರಲಿಲ್ಲ. ಯಾವ ಲೆಕ್ಕದಲ್ಲೂ ಹಾಕಿರಲಿಲ್ಲ.

"ಋಣ ಮರೀಬಾರದವ್ವ," ಎಂದು ಅವ್ವ ಮತ್ತೆ ಹೊಲಿಯತೊಡಗಿದಳು. ಅವಳು ಯಾವ ಋಣದ ಮಾತು ಆಡಿದಳೆಂದು ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ಗೆರೆ ಎಳೆದೆ. ಐವತ್ತು ಬಂತು.

ಪರೀಕ್ಷೆಯಲ್ಲಿ ಅಂಥದೇ ಲೆಕ್ಕ ಬಂತು. ಗೆರೆ ಎಳೆಯುವ ಮೊದಲು ನನ್ನ ಎಡಗೈ ತಾನಾಗಿ ಹೋಗಿ ಬೆಂಚನ್ನು ಒತ್ತಿ ಹಿಡಿಯಿತು. ಪಾಸಾದೆ. ಎಷ್ಟು ಅಂಕ ಎಂದು ಯಾರೂ ಕೇಳದಿದ್ದರೆ ಒಳ್ಳೆಯದು.

ಕಾಲೇಜಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ರಿಸಲ್ಟ್ ನೋಡಿ ಹೇಳಿದಾಗ ಅವ್ವ ಮಷೀನ್ ತುಳಿಯುತ್ತಿದ್ದಳು. ಅಂಗೈಯಿಟ್ಟು ನಿಲ್ಲಿಸಿದಳು.

"ಚಲೋ ಆತು," ಎಂದಳು. ಪಕ್ಕದಲ್ಲಿ ಒಂದು ಸ್ಟೂಲಿತ್ತು, ಒರೆಸಿ ಇಟ್ಟದ್ದು. ಅದನ್ನು ಕಾಲಿನಿಂದ ಗೋಡೆಗೆ ಸರಿಸಿದಳು. "ಭುಜ ಭಾಳ ನೋಯ್ಲಿಕತ್ತದ. ನೀ ಬಂದು ಕುಂತ್ರ ಕಾಜಾ, ಹುಕ್ಕಾದ್ರೂ ನೋಡ್ಕೋತಿ ಅಂದ್ಕೊಂಡಿದ್ದೆ."

ಇಷ್ಟು ದಿನ ನಾನು ಬೆದರಿಕೆ ಎಂದುಕೊಂಡಿದ್ದು ಅವಳ ಆಸೆಯಾಗಿತ್ತು. ಪಾಸಾದ ಖುಷಿ ಅಲ್ಲಿಗೇ ಅರ್ಧ ಇಳಿಯಿತು. ಸ್ಟೂಲು ಎಳೆದು ಕೂತು, ಸಂಜೆಯ ತನಕ ಒಂದು ಬ್ಲೌಸಿಗೆ ಹುಕ್ಕು ಹಚ್ಚಿದೆ. ಎಲ್ಲವನ್ನೂ ತಿರುವುಮುರುವು ಹಚ್ಚಿದ್ದೆ.

ಅವ್ವ ಒಂದೊಂದನ್ನೇ ಬಿಚ್ಚುತ್ತ, "ಇರ್ಲಿ ಬಿಡು, ನೀ ಓದ್ಲಿಕ್ಕೇ ಹೋಗವ್ವ," ಎಂದಳು.