ಕಿತ್ತಳೆ ಉಂಡೆಯ ಬಾವುಟ

ಮಾದಾಪುರದ ಕಡೆ ಮಳೆಗಾಲದಲ್ಲಿ ಬೆಳಗಾದರೆ ಮೊದಲ ಕೆಲಸ ಮಳೆ ಅಳೆಯುವುದು. ಅಂಗಳದ ರೈನ್ ಗೇಜಿನಲ್ಲಿ ಎಷ್ಟು ನೀರು ನಿಂತಿದೆ ಎಂದು ನೋಡಿ, ನೂರು ಸೆಂಟಿಗೆ ಒಂದಿಂಚು ಎಂಬ ಲೆಕ್ಕದಲ್ಲಿ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಕಾಫಿ ಆಮೇಲೆ. ಪಕ್ಕದವರಿಗಿಂತ ಹತ್ತು ಸೆಂಟು ಕಮ್ಮಿ ಬಂದರೂ ನನಗೆ ಏನೋ ಅನ್ಯಾಯವಾದ ಹಾಗೆ.

ಅದೇ ಚಟದಲ್ಲಿ ಜೂನ್ ತಿಂಗಳಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಪಕ್ಕದ ಮನೆಯ ನಿವೃತ್ತ ಟೀಚರ್ ನನಗಿಂತ ಒಂದಿಂಚು ಜಾಸ್ತಿ ಹಾಕಿದ್ದರು. "ನಿಮ್ಮ ಗೇಜಿಗೆ ಮರದ ಹನಿ ಬೀಳ್ತಿದೆ ಟೀಚರ್, ಅಷ್ಟು ಮಳೆ ಎಲ್ಲಿ ಬಂತು?" ಎಂದು ಗ್ರೂಪಿನಲ್ಲೇ ಬರೆದುಬಿಟ್ಟೆ. ಎಲ್ಲರೂ ನಗುವ ಮುಖಗಳನ್ನು ಸುರಿದರು. ಅವತ್ತಿನಿಂದ ಟೀಚರ್ ಮಾತು ಬಿಟ್ಟರು. ಇಪ್ಪತ್ತು ವರ್ಷ ದಿನಾ ಸಂಜೆ ಒಟ್ಟಿಗೆ ಕಾಫಿ ಕುಡಿದವರು ನಾವು. ಸಂಜೆಯಾದರೆ ನನಗೆ ಸಂಕಟ. ಹೋಗಿ ತಪ್ಪಾಯ್ತು ಅನ್ನೋಣವೆಂದರೆ ನನ್ನ ಜಂಭ ಬಿಡಬೇಕಲ್ಲ!

ಆಗಸ್ಟ್ ಹದಿನೈದು ಬಂತು. ಮಳೆ ಎರಡಿಂಚು ಹತ್ತು ಸೆಂಟು. ಖುಷಿಯಲ್ಲಿ ಕನ್ನಡಕ ಹುಡುಕುವ ತಾಳ್ಮೆಯೂ ಇಲ್ಲದೆ, ಅಂಕಿಯ ಪಕ್ಕ ಪುಟ್ಟ ಬಾವುಟದ ಎಮೋಜಿಯೊಂದನ್ನು ಒತ್ತಿದೆ. ಕೇಸರಿ, ಬಿಳಿ, ಹಸಿರು, ನಡುವೆ ಏನೋ ದುಂಡಗೆ. ಇನ್ನೇನು ಬೇಕು?

ಎರಡೇ ನಿಮಿಷಕ್ಕೆ ಮೇಲಿನ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ನೋಡಿಕೊಳ್ಳುವ ರೈಟರ್ ಬರೆದ: "ಆಂಟಿ, ಯಾವ ದೇಶಕ್ಕೆ ಸ್ವಾತಂತ್ರ್ಯ ಬಂತು? ಇದು ಆಫ್ರಿಕಾದ ನೈಜರ್ ಬಾವುಟ!"

ಕನ್ನಡಕ ಹಾಕಿ ನೋಡಿದೆ. ಅಯ್ಯೋ ರಾಮ! ಚಕ್ರ ಇರಬೇಕಾದ ಜಾಗದಲ್ಲಿ ನಮ್ಮ ಕೊಡಗಿನ ಕಿತ್ತಳೆಯಂಥ ಉಂಡೆ. ಅಳಿಸಿದರೆ ಅಳಿಸಿದ್ದೂ ಎಲ್ಲರಿಗೂ ಕಾಣುತ್ತದೆ. ಅಷ್ಟರಲ್ಲಿ ನಗುವ ಮುಖಗಳು ಶುರುವಾದವು. ದೇಶದ ಹಬ್ಬದ ದಿನವೇ ಬೇರೆಯವರ ಬಾವುಟ ಹಾರಿಸಿದೆನಲ್ಲ ಎಂದು ನಾಚಿಕೆಯಿಂದ ಕುಗ್ಗಿಹೋದೆ. ಅದಕ್ಕಿಂತ ದೊಡ್ಡ ಹೆದರಿಕೆ ಟೀಚರದು. ಮೂವತ್ತು ವರ್ಷ ಮಕ್ಕಳಿಗೆ ಚಕ್ರದ ಇಪ್ಪತ್ತನಾಲ್ಕು ಗೆರೆ ಎಣಿಸಲು ಕಲಿಸಿದವರು, ಈಗ ನನ್ನನ್ನು ಸುಮ್ಮನೆ ಬಿಡುತ್ತಾರೆಯೇ?

ಟೀಚರ್ ಮೆಸೇಜು ಬಂತು. "ಮಳೆ ಎರಡಿಂಚು ಐದು ಸೆಂಟು. ಎಲ್ಲರಿಗೂ ಸ್ವಾತಂತ್ರ್ಯ ದಿನದ ಶುಭಾಶಯ." ಪಕ್ಕದಲ್ಲಿ ಅದೇ ನೈಜರ್ ಬಾವುಟ. ಟೀಚರೇ ಹಾಕಿದ ಮೇಲೆ ನಗುತ್ತಿದ್ದವರೆಲ್ಲ ತೆಪ್ಪಗಾದರು.

ನಾನು ಕೊಡೆ ಹಿಡಿದು ಅವರ ಮನೆಗೆ ಓಡಿದೆ.

"ಟೀಚರ್, ಅದು ನಮ್ಮದಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ?"

"ಗೊತ್ತಿಲ್ದೆ ಏನೇ? ನಿನ್ನೊಬ್ಬಳನ್ನ ಎಲ್ರೂ ಆಡ್ಕೊಳ್ಳೋದು ನೋಡಕ್ಕಾಗ್ಲಿಲ್ಲ. ಬಾ, ಒದ್ದೆ ಆಗ್ತೀಯ."

ಕೊಡೆ ಮಡಚಿ ಜಗಲಿ ಹತ್ತಿದೆ. "ಜೂನಲ್ಲಿ ನಾನು ಹಾಗೆ ಬರೀಬಾರ್ದಿತ್ತು. ತಪ್ಪಾಯ್ತು ಟೀಚರ್."

"ನೀನು ಬರೆದಿದ್ದು ಸರಿನೇ ಇತ್ತು ಮಾರಾಯ್ತಿ. ಮಾರನೇ ದಿನವೇ ಹನಿ ಬೀಳ್ತಿದ್ದ ಆ ಕೊಂಬೆ ಕಡಿಸಿದೆ," ಎಂದು ಅಂಗಳದ ಗೇಜಿನ ಕಡೆ ಕೈ ತೋರಿಸಿದರು. "ಬೇಲಿ ಹತ್ರ ಬಂದು ನನಗೊಬ್ಬಳಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ?"