ಕರೆಂಟು ಹೋದಾಗಿನ ಚಾಂಪಿಯನ್

ಆಗ ನಮ್ಮ ಬನಹಟ್ಟಿಯಲ್ಲಿ ಬೇಸಿಗೆ ಬಂತೆಂದರೆ ದಿನವೂ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ದೊಡ್ಡವರು ಬೈಯುತ್ತಿದ್ದರು, ನಮಗೆ ಮಾತ್ರ ಅದು ಹಬ್ಬ. ಬೆಳಗಿನಿಂದ ಓಣಿಯ ಉದ್ದಕ್ಕೂ ಪವರ್‌ಲೂಮುಗಳು ಖಟಕ್ ಖಟಕ್ ಎಂದು ಬಡಿದುಕೊಳ್ಳುತ್ತಿದ್ದವು. ಊಟಕ್ಕೆ ಕುಳಿತರೆ ತಾಟಿನಲ್ಲಿನ ಸಾರು ಸಣ್ಣಗೆ ನಡುಗುತ್ತಿತ್ತು. ಕರೆಂಟು ಹೋದದ್ದೇ ತಡ, ಎಲ್ಲ ಮಗ್ಗಗಳೂ ಒಮ್ಮೆಲೇ ನಿಂತುಬಿಡುತ್ತಿದ್ದವು. ಆಮೇಲೆ ಬೇವಿನ ಕಾಯಿ ತಗಡಿನ ಮೇಲೆ ಉದುರುವುದು ಕೇಳುತ್ತಿತ್ತು. ಯಾರದೋ ಮನೆಯಲ್ಲಿ ರೊಟ್ಟಿ ಬಡಿಯುವುದು, ಎಲ್ಲೋ ಒಂದು ಕೂಸು ರಚ್ಚೆ ಹಿಡಿದದ್ದು, ಗೋಡೆಯ ಮೇಲಿನ ಪಾರಿವಾಳದ ಗೊಣಗಾಟ, ಎಲ್ಲವೂ ಬಲು ದೂರದಿಂದ ತೇಲಿ ಬಂದು ಕಿವಿಯ ಹತ್ತಿರ ಕೂರುತ್ತಿದ್ದವು. ಬಿಸಿಲು ಕೂಡ ಆಗ ಮೆತ್ತಗಾದಂತೆ ಅನಿಸುತ್ತಿತ್ತು.

ಆ ಹೊತ್ತಿನಲ್ಲಿ ನಾವು ಗಾಲ್ಫ್ ಆಡುತ್ತಿದ್ದೆವು.

ನಗಬೇಡಿ. ಈ ಆಟವನ್ನು ನಮ್ಮ ಮನೆಗೆ ತಂದವನು ಅಪ್ಪನ ತಮ್ಮ, ಈರಪ್ಪ ಕಾಕಾ. ಹುಟ್ಟಿದಾಗಿನಿಂದ ಮಗ್ಗದ ನಡುವೆಯೇ ಬೆಳೆದ ಮನುಷ್ಯ. ರಬಕವಿಯ ಸಾಹುಕಾರರಿಗೆ ಸೀರೆ ನೇಯ್ದು ಕೊಡುತ್ತಿದ್ದ. ಹತ್ತಿರ ಬಂದರೆ ಗಂಜಿ ಮತ್ತು ಮಷೀನ್ ಎಣ್ಣೆಯ ವಾಸನೆ. ಊರಿನ ಗಂಡಸರೆಲ್ಲ ಕ್ರಿಕೆಟ್ ನೋಡುವಾಗ ಇವನೊಬ್ಬ ಟಿವಿಯಲ್ಲಿ ಗಾಲ್ಫ್ ಹುಡುಕುತ್ತಿದ್ದ. ಹಸಿರು ಬಯಲು, ಬಿಳಿ ಚೆಂಡು, ಅದರ ಹಿಂದೆ ಮೆಲ್ಲಗೆ ನಡೆದು ಹೋಗುವ ಜನ. ನಮಗೆ ನಿದ್ದೆ ಬರುತ್ತಿತ್ತು.

"ಇದು ಶಾಣ್ಯಾರ ಆಟ. ಯಾರರೆ ಒದರಾಕತ್ತಾರೇನು ನೋಡು," ಎನ್ನುತ್ತಿದ್ದ ಕಾಕಾ.

ಆಟಗಾರ ಕೋಲು ಎತ್ತಿದಾಗ ಪಕ್ಕದವರು ಕೈ ಎತ್ತಿ ಜನರನ್ನು ಸುಮ್ಮನಾಗಿಸುವುದನ್ನು ನೋಡಿ ನೋಡಿ, ಸದ್ದಿದ್ದರೆ ಹೊಡೆಯಲೇಬಾರದು, ಅದೇ ಈ ಆಟದ ಮೊದಲ ಕಾಯ್ದೆ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ. ಬನಹಟ್ಟಿಯಲ್ಲಿ ಸದ್ದಿಲ್ಲದ ಹೊತ್ತು ಯಾವುದು? ಕರೆಂಟು ಹೋದ ಹೊತ್ತು. ಹಾಗಾಗಿ ಆಟ ಆಗಲೇ. ಕರೆಂಟು ಬಂದು ಮಗ್ಗದ ಸದ್ದು ಕಿವಿಗೆ ಬಿದ್ದರೆ ಆಟ ಮುಗಿದಂತೆ. ಅಷ್ಟರೊಳಗೆ ಚೆಂಡು ಹಾಕಿ ಮುಗಿಸದವನು ಸೋತಂತೆ. ಈ ಕಾಯ್ದೆಯೂ ಅವನದೇ.

ಮಗ್ಗದಲ್ಲಿ ಲಾಳಿಗೆ ಪೆಟ್ಟು ಕೊಡುವ ಕಟ್ಟಿಗೆಯ ಕೋಲು ಇರುತ್ತದಲ್ಲ, ಸವೆದು ತೆಗೆದಿಟ್ಟ ಅಂಥ ಒಂದಕ್ಕೆ ಬುಡದಲ್ಲಿ ಗಟ್ಟಿ ತುಂಡೊಂದನ್ನು ಮೊಳೆ ಹೊಡೆದು ಕೂರಿಸಿದ್ದ. ಚೆಂಡು ಎಂದರೆ ಹುಣಸೆ ಬೀಜಗಳ ಮೇಲೆ ಹರಕು ದಾರ ಸುತ್ತಿ ಸುತ್ತಿ ಬಿಗಿ ಮಾಡಿದ ಉಂಡೆ. ಮಗ್ಗದ ಶೆಡ್ಡಿನ ಹಿಂದಿನ ಹಿತ್ತಲಲ್ಲಿ ಅಲ್ಲಲ್ಲಿ ತೆಗ್ಗು ತೋಡಿ, ಒಂದೊಂದಕ್ಕೂ ಸೀರೆಯ ಅಂಚಿನ ಬಣ್ಣದ ಚೂರು ಕಟ್ಟಿದ ಕಡ್ಡಿ ನೆಟ್ಟಿದ್ದ. ಕಡಿಮೆ ಪೆಟ್ಟಿನಲ್ಲಿ ಎಲ್ಲ ತೆಗ್ಗು ಮುಗಿಸಿದವರು ಗೆದ್ದರು. ಪಂಚರು ನಮ್ಮ ಆಯಿ, ಅಪ್ಪನ ಅವ್ವ. ಬೇವಿನ ನೆರಳಲ್ಲಿ ಹುರಿದ ಶೇಂಗಾ ಸುಲಿಯುತ್ತ ಕೂತು, ಪೆಟ್ಟಿಗೊಂದು ಬೀಜ ಬದಿಗಿಟ್ಟು ಲೆಕ್ಕ ಹಿಡಿಯುತ್ತಿದ್ದಳು. ಆ ಬೀಜಗಳನ್ನು ನಾನು ಕದ್ದು ತಿಂದು ಎಷ್ಟೋ ಸಲ ಲೆಕ್ಕ ತಪ್ಪಿಸಿದ್ದುಂಟು.

ಬೇಸಿಗೆಗೊಮ್ಮೆ ದೊಡ್ಡ ಪಂದ್ಯ. ಹಿಂದಿನ ವರ್ಷ ಗೆದ್ದವನು ಕಾಕಾನೇ. ಬಹುಮಾನವೆಂದರೆ ಟಿವಿಯ ರಿಮೋಟು.

ಆ ವರ್ಷ ಪಂದ್ಯಕ್ಕೆ ಬಂದ ಬಿಸಿ ಏನೆಂದರೆ, ನಮ್ಮ ಪಂದ್ಯದ ರವಿವಾರವೇ ಸಂಜೆ ಟಿವಿಯಲ್ಲಿ ಭಾರತದ ಕ್ರಿಕೆಟ್ ಮ್ಯಾಚು. ಅದೇ ಹೊತ್ತಿಗೆ ಎಲ್ಲೋ ದೂರದೇಶದ ಗಾಲ್ಫ್ ಪಂದ್ಯಾವಳಿಯ ಕೊನೆಯ ದಿನ. ಅದರಲ್ಲಿ ಹಿಂದಿನ ವರ್ಷದ ವಿಜೇತನೊಬ್ಬ, ಬಿಳಿ ಟೊಪ್ಪಿಗೆಯವ, ಈ ಸಲವೂ ಮುಂದಿದ್ದ. ಅವನ ಹೆಸರು ಕಾಕಾನ ಬಾಯಲ್ಲಿ ಹೊರಳುತ್ತಿರಲಿಲ್ಲ, 'ನಮ್ಮಾಂವ' ಎನ್ನುತ್ತಿದ್ದ.

"ನಮ್ಮಾಂವ ಕಪ್ ಉಳಿಸ್ಕೊಂತಾನ. ನಾನೂ ಉಳಿಸ್ಕೊಂತೇನಿ."

"ನೋಡೋಣಂತ ಕಾಕಾ," ಎಂದ ನನ್ನ ಅಣ್ಣ ಬಸು. ಅವನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು, ಕ್ರಿಕೆಟ್ಟಿನ ಹುಚ್ಚು ನೆತ್ತಿಗೇರಿತ್ತು. ಪಂದ್ಯಕ್ಕಾಗಿ ವಾರವೆಲ್ಲ ಬಿಸಿಲಲ್ಲಿ ಒಬ್ಬನೇ ಹೊಡೆದು ಹೊಡೆದು ಕೈ ಪಳಗಿಸಿಕೊಂಡಿದ್ದ.

ಇಲ್ಲೊಂದು ಮಾತು ಹೇಳಬೇಕು. ಮಗ್ಗದ ಮನೆಯಲ್ಲಿ ಮಾತು ಅರ್ಧ ಬಾಯಿಂದ, ಅರ್ಧ ಕೈಯಿಂದ. ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ, ದಾರ ಹರಿದರೆ ಎರಡು ಬೆರಳು ಕತ್ತರಿ. ಉಳಿದದ್ದನ್ನು ಒದರಿಯೇ ಹೇಳಬೇಕು, ಕೇಳುವವರು ತುಟಿ ನೋಡಿ ತಿಳಿಯಬೇಕು. ಅಂಥ ಕಡೆ ಒಬ್ಬನಿಗೆ ಕಿವಿ ಮಂದವಾದರೆ ಗೊತ್ತಾಗುವುದು ಕಷ್ಟ. ಆದರೂ ಆಯಿಗೆ ಅನುಮಾನವಿತ್ತು.

"ಜಮಖಂಡಿಗೆ ಹೋಗಿ ಡಾಕ್ಟರಗ ಕಿವಿ ತೋರಿಸ್ಕೊಂಡ ಬಾರೋ ಈರಪ್ಪ."

"ನನ್ನ ಕಿವಿಗೇನಾಗೇತಿ? ನನಗ ಎಲ್ಲಾ ಕೇಳಸ್ತೈತಿ!" ಎಂದು ಕಾಕಾ ರೇಗುತ್ತಿದ್ದ. ನಮ್ಮೂರಲ್ಲಿ ಒಬ್ಬನಿಗೆ ಕಿವುಡ ಎಂಬ ಹೆಸರು ಬಿದ್ದರೆ ಮುಗಿಯಿತು, ಸಾಯುವತನಕ ಅದೇ ಅವನ ಹೆಸರು. ಆ ಹೆಸರಿಗೆ ಕಾಕಾ ಎಷ್ಟು ಹೆದರುತ್ತಿದ್ದ ಎಂಬುದು ನನಗೆ ಆಗ ತಿಳಿಯುವಂಥದ್ದಲ್ಲ.

ಮದುವೆ ಸೀರೆಗಳ ಹಂಗಾಮು, ರವಿವಾರವೂ ಮಗ್ಗ ನಡೆದಿದ್ದವು. ಸೀಕರಣಿ ಉಂಡು ಕೈಯಲ್ಲಿ ಇನ್ನೂ ಮಾವಿನ ವಾಸನೆ ಇರುವಾಗಲೇ ಕರೆಂಟು ಹೋಯಿತು. ಊರು ಸುಮ್ಮನಾಯಿತು. ನಾವು ಹಿತ್ತಲಿಗೆ ಓಡಿದೆವು.

ನಾನು ಎರಡನೆಯ ತೆಗ್ಗಿನಲ್ಲೇ ಸುಸ್ತಾಗಿ ಆಯಿಯ ಪಕ್ಕ ಕೂತೆ. ಅಣ್ಣ ಮತ್ತು ಕಾಕಾ ಸರಿಸಮ ಸಾಗಿದರು. ಚೆಂಡು ಉರುಳಿದ ಸರಸರ, ಶೇಂಗಾ ಸಿಪ್ಪೆಯ ಚಟ್, ಇಷ್ಟೇ ಸದ್ದು. ಎಷ್ಟು ಹೊತ್ತಾಯಿತೋ. ನನಗೆ ಆ ಮಧ್ಯಾಹ್ನ ಮುಗಿಯುವುದೇ ಇಲ್ಲ ಎನಿಸಿತ್ತು, ಮುಗಿಯುವುದು ಬೇಡವೂ ಆಗಿತ್ತು. ಕೊನೆಯ ತೆಗ್ಗಿನಲ್ಲಿ ಅಣ್ಣ ಒಂದು ಪೆಟ್ಟು ತಪ್ಪಿಸಿ, ಇನ್ನೊಂದರಲ್ಲಿ ಹಾಕಿ ಮುಗಿಸಿದ. ಕಾಕಾನ ಚೆಂಡು ತೆಗ್ಗಿನಿಂದ ಒಂದು ಮಾರು ದೂರದಲ್ಲಿತ್ತು. ಒಂದೇ ಪೆಟ್ಟಿಗೆ ಒಳಗೆ ಹೋದರೆ ಗೆದ್ದ.

ಕಾಕಾ ಶೆಡ್ಡಿಗೆ ಬೆನ್ನು ಮಾಡಿ ನಿಂತ. ಬಗ್ಗಿ ಮಣ್ಣಿನ ಮೇಲಿನ ಹರಳೊಂದನ್ನು ತೆಗೆದ. ಕೋಲು ಹಿಡಿದು ತಲೆ ತಗ್ಗಿಸಿದ.

ಆಗಲೇ ಕರೆಂಟು ಬಂತು. ಶೆಡ್ಡಿನೊಳಗೆ ಮಗ್ಗಗಳೆಲ್ಲ ಒಟ್ಟಿಗೆ ಭೋರೆಂದವು. ಅಣ್ಣ ಎರಡೂ ಕೈ ಎತ್ತಿ ಕುಣಿದ, "ಸಪ್ಪಳಾ! ಸಪ್ಪಳ ಬಂತು! ಹೊಡಿಯಂಗಿಲ್ಲ ಕಾಕಾ!"

ಕಾಕಾ ತಲೆ ಎತ್ತಲಿಲ್ಲ. ಒಂದಿಷ್ಟೂ ಅವಸರವಿಲ್ಲದೆ, ಊರೆಲ್ಲ ಇನ್ನೂ ಮಲಗಿದೆಯೇನೋ ಎಂಬಂತೆ, ಕೋಲು ತೂಗಿ ಮೆಲ್ಲಗೆ ಹೊಡೆದ. ದಾರದ ಚೆಂಡು ಉರುಳಿ ಹೋಗಿ ತೆಗ್ಗಿನ ಅಂಚಿನಲ್ಲಿ ಒಂದು ಗಳಿಗೆ ನಿಂತು, ಒಳಗೆ ಬಿತ್ತು. ಟಿವಿಯವರ ಹಾಗೆ ಕೈ ಎತ್ತಿ ನಗುತ್ತ ತಿರುಗಿದ. ನಮ್ಮ ಮುಖ ನೋಡಿದ. ಆಮೇಲೆ ಶೆಡ್ಡಿನ ಕಿಟಕಿಯೊಳಗೆ ಓಡಾಡುತ್ತಿದ್ದ ಲಾಳಿಗಳನ್ನು ನೋಡಿದ. ನಗು ಇಳಿಯಿತು.

ಅಣ್ಣ ಅವನ ಹತ್ತಿರ ಹೋಗಿ ಒದರಿದ: "ಕರೆಂಟ್ ಬಂದ ಮ್ಯಾಲೆ ಹೊಡದಿ ಕಾಕಾ! ಕೇಳಸ್ಲಿಲ್ಲೇನು ನಿನಗ?"

ಕೇಳಿಸಿತು ಎಂದರೆ ಅವನದೇ ಕಾಯ್ದೆಯಂತೆ ಅವನು ಸೋತ. ರಿಮೋಟೂ ಹೋಯಿತು, ಸಂಜೆಯ ನಮ್ಮಾಂವನೂ ಹೋದ. ಕೇಳಿಸಲಿಲ್ಲ ಎಂದರೆ ಇಷ್ಟು ವರ್ಷ ಮುಚ್ಚಿಟ್ಟದ್ದು ಅಂಗಳಕ್ಕೆ ಬಿತ್ತು. ಕಾಕಾ ಕೋಲನ್ನು ನೆಲಕ್ಕೆ ಊರಿದ. ಆಮೇಲೆ ಕೈ ಎತ್ತಿ ಕಿವಿಯ ಹತ್ತಿರ ಎರಡು ಬೆರಳು ಕತ್ತರಿ ಮಾಡಿದ. ದಾರ ಹರಿದಿದೆ ಎಂದು ಹೇಳುವ ಅದೇ ಸನ್ನೆ.

ಬಾಯಿಂದಲೂ ಏನೋ ಹೇಳಿದ. ಮಗ್ಗದ ಅಬ್ಬರದಲ್ಲಿ ನಮಗದು ಕೇಳಲಿಲ್ಲ, ಅವನ ತುಟಿ ನೋಡಿ ತಿಳಿದುಕೊಂಡೆವು: "ಕೇಳಸ್ಲಿಲ್ಲ. ಭಾಳ ದಿನಾ ಆತು, ನನಗ ಏನೂ ಕೇಳಸಂಗಿಲ್ಲ."

ಕ್ರಿಕೆಟ್ ನೋಡುವಾಗ ಎಲ್ಲರೂ ಚೀರಿದ ಮೇಲೆ "ಏನಾತು, ಏನಾತು" ಎಂದು ಕಾಕಾ ಒಬ್ಬೊಬ್ಬರ ಮುಖ ನೋಡುತ್ತಿದ್ದದ್ದು ನನಗೆ ಆಗ ನೆನಪಾಯಿತು. ಗಾಲ್ಫಿನಲ್ಲಿ ಯಾರೂ ಏನನ್ನೂ ಒದರುವುದಿಲ್ಲ. ಅಲ್ಲಿ ಅವನಿಗೆ ತಪ್ಪಿಹೋಗುವಂಥದ್ದು ಏನೂ ಇರಲಿಲ್ಲ. ನನಗೆ ಅಳು ಬಂತು.

ಆಯಿ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಮಗನ ಎದುರಿಗೆ ಹೋಗಿ ನಿಂತು, ಅವನ ಗದ್ದ ಹಿಡಿದು ಮುಖವನ್ನು ತನ್ನತ್ತ ತಿರುಗಿಸಿಕೊಂಡಳು. ಆಮೇಲೆ ಅಣ್ಣನ ಕಿವಿಗೆ ಬಾಯಿಟ್ಟು ಒದರಿದಳು, "ಅಂವಗ ಸಪ್ಪಳ ಇರಲಿಲ್ಲಪಾ. ಕಾಯ್ದೆ ಮುರದಿಲ್ಲ. ಗೆದ್ದಾಂವ ಅಂವನ."

ಅಣ್ಣ ಜಗಳ ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ತೆಗ್ಗಿನಿಂದ ಚೆಂಡು ತೆಗೆದು, ಮಣ್ಣು ಕೊಡವಿ, ಕಾಕಾನ ಕೈಯಲ್ಲಿಟ್ಟ.

ಸಂಜೆ ಮಗ್ಗ ನಿಲ್ಲಿಸಿ ದೀಪ ಹಚ್ಚಿದ ಮೇಲೆ ಎಲ್ಲರೂ ಟಿವಿಯ ಮುಂದೆ ಕೂತೆವು. ಓಣಿಯ ಬೇರೆ ಮನೆಗಳಿಂದ ಕ್ರಿಕೆಟ್ಟಿನ ಕೂಗು ಬರುತ್ತಿತ್ತು. ಅಣ್ಣ ರಿಮೋಟು ತಂದು ಗಾಲ್ಫ್ ಹಚ್ಚಿ, ಟಿವಿಯ ಸದ್ದನ್ನು ಪೂರ್ತಿ ಇಳಿಸಿ, ಆಮೇಲೆ ಕಾಕಾನ ಕೈಗೆ ಕೊಟ್ಟ. ಸದ್ದು ಇಳಿಸಿದ್ದು ಕಾಕಾನಿಗೆ ಗೊತ್ತಾಗಲೇ ಇಲ್ಲ. ಹಸಿರು ಬೆಳಕು ಎಲ್ಲರ ಮುಖದ ಮೇಲೆ ಆಡುತ್ತಿತ್ತು. ಬಿಳಿ ಟೊಪ್ಪಿಗೆಯವ ನಡೆದ, ನಿಂತ, ಬಗ್ಗಿ ನೋಡಿದ, ಹೊಡೆದ. ಮೊದಲ ಬಾರಿಗೆ ನನಗೆ ನಿದ್ದೆ ಬರಲಿಲ್ಲ. ಕೊನೆಯ ಚೆಂಡು ಒಳಗೆ ಬಿದ್ದಾಗ ಸಾವಿರಾರು ಜನ ಒಂದಿಷ್ಟೂ ಸದ್ದಿಲ್ಲದೆ ಚಪ್ಪಾಳೆ ತಟ್ಟಿದರು. ಹಿಂದಿನ ವರ್ಷದವನೇ ಈ ವರ್ಷವೂ ಗೆದ್ದಿದ್ದ. ಕಾಕಾ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ.

ಅಂದಿನಿಂದ ನಮ್ಮ ಮನೆಯಲ್ಲಿ ಕಾಕಾನಿಗೆ ಯಾರೂ ಹಿಂದಿನಿಂದ ಕೂಗಲಿಲ್ಲ. ಏನಿದ್ದರೂ ಎದುರಿಗೆ ಹೋಗಿ, ಅವನು ನೋಡುವವರೆಗೆ ಕಾದು, ಆಮೇಲೆ ಹೇಳುತ್ತಿದ್ದೆವು. ಸಾಲಿಯಿಂದ ಬಂದ ನಾನು ಹರಟೆ ಹೊಡೆಯುವಾಗ ಕಾಕಾ ಮಗ್ಗದ ಕೆಲಸ ಬಿಟ್ಟು, ನನ್ನ ತುಟಿಯನ್ನೂ ಕಣ್ಣನ್ನೂ ನೋಡುತ್ತ ಕೂರುತ್ತಿದ್ದ. ಒಂದು ಮಾತು ತಪ್ಪಿದರೂ "ಮತ್ತೊಮ್ಮೆ ಹೇಳವಾ" ಎನ್ನುತ್ತಿದ್ದ.

ಈಗ ನಾನು ಜಮಖಂಡಿಯಲ್ಲಿದ್ದೇನೆ. ಕರೆಂಟು ಹೋದರೂ ಇನ್ವರ್ಟರ್ ಇದೆ, ಹೋದದ್ದೇ ಗೊತ್ತಾಗುವುದಿಲ್ಲ. ನಮ್ಮ ಓಣಿಯ ಎಷ್ಟೋ ಮಗ್ಗಗಳು ಗುಜರಿಗೆ ಹೋದವು. ಮನೆಯಲ್ಲಿ ಎಲ್ಲರ ಕಿವಿಯೂ ಚೆನ್ನಾಗಿದೆ. ಹಾಗಾಗಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿಯೇ ಮಾತು ಮುಗಿಸುತ್ತೇವೆ. ಹೇಳುವವರ ಕಣ್ಣು ಫೋನಿನ ಮೇಲೆ, ಕೇಳುವವರದೂ ಅಲ್ಲೇ. ಈರಪ್ಪ ಕಾಕಾ ಹೋಗಿ ಕೆಲವು ವರ್ಷಗಳಾದವು. ಅವನ ನಂತರ, ನಾನು ಮಾತಾಡುವಾಗ ನನ್ನ ಮುಖವನ್ನು ಅಷ್ಟು ಹೊತ್ತು ಯಾರೂ ನೋಡಿಲ್ಲ.